ದ್ವೀಪದಲ್ಲಿ ಪಾಲಿಯೇಟಿವ್ ಕೆಲಸ: ಕೊನೆಯ ಬೋಟು ಹೋದ ಮೇಲೆ ಎಂತ ಮಾಡುವುದು?

ಕುಂಬಳೆಯವಳು

ನಾನು ಎಎನ್‌ಎಂ (ಸಹಾಯಕ ನರ್ಸ್ ಮತ್ತು ಸೂಲಗಿತ್ತಿ ತರಬೇತಿ) ಕಲಿತು, ಆಮೇಲೆ ಮೂರು ತಿಂಗಳ ಸಮುದಾಯ ಪಾಲಿಯೇಟಿವ್ ನರ್ಸಿಂಗ್ ಕೋರ್ಸ್ ಮಾಡಿದವಳು. ಪಾಲಿಯೇಟಿವ್ ಅಂದರೆ ವಾಸಿಯಾಗದ ರೋಗದವರ, ಹಾಸಿಗೆ ಹಿಡಿದವರ ನೋವು, ಕಷ್ಟ ಕಡಿಮೆ ಮಾಡುವ ಆರೈಕೆ. ಈ ತನಕ ಕುಂಬಳೆ, ಮೊಗ್ರಾಲ್ ಕಡೆಯ ಮನೆಗಳಿಗೆ ಹೋಗುತ್ತಿದ್ದೆ. ಮುಂದಿನ ತಿಂಗಳಿಂದ ವಲಿಯಪರಂಬದಲ್ಲಿ ಹೋಂ ಕೇರ್ ಕೆಲಸ, ಗುತ್ತಿಗೆ ಮೇಲೆ. ಆ ಕಡೆ ಹೋಗದವರಿಗೆ ಹೇಳುವುದಾದರೆ, ಅದು ನಮ್ಮ ಕಾಸರಗೋಡು ಜಿಲ್ಲೆಯ ತೆಂಕಣ ತುದಿಯಲ್ಲಿ ಕವ್ವಾಯಿ ಹಿನ್ನೀರಿಗೂ ಸಮುದ್ರಕ್ಕೂ ನಡುವೆ ಇರುವ ಉದ್ದನೆಯ ದ್ವೀಪ. ಸುಮಾರು 24 ಕಿಲೋಮೀಟರ್ ಉದ್ದ, ಅಗಲ ಮಾತ್ರ ಏನೇನೂ ಇಲ್ಲ. ಸೇತುವೆ ಉಂಟು, ಆದರೆ ಇಷ್ಟು ಉದ್ದದ ಊರಿಗೆ ಸೇತುವೆ ಎಲ್ಲರ ಮನೆ ಹತ್ತಿರ ಇರುತ್ತದಾ? ಉಳಿದವರಿಗೆ ಕಡವು (ದೋಣಿ ಹತ್ತಿ ಇಳಿಯುವ ಜಾಗ), ದೋಣಿ, ಸರ್ಕಾರಿ ಬೋಟೇ ಗತಿ.

ಗಾಯ ತೊಳೆಯುವುದು, ಮೂಗಿನ ಟ್ಯೂಬ್, ಕ್ಯಾಥೆಟರ್ ಇದಕ್ಕೆಲ್ಲ ಕೈ ಪಳಗಿದೆ. ನನ್ನ ಹೆದರಿಕೆ ಬೇರೆ. ಇಲ್ಲಿ ಏನಾದರೂ ಆದರೆ ಆಟೋ ಹಿಡಿದು ಆಸ್ಪತ್ರೆಗೆ ಹೋದರಾಯಿತು. ಅಲ್ಲಿ ರಾತ್ರಿ ಹನ್ನೊಂದಕ್ಕೆ ಯಾರಿಗಾದರೂ ನೋವು ತಡೆಯಲಾಗದೆ ಕಿರುಚಾಟ ಶುರುವಾದರೆ, ನಾನು ಈಚೆ ದಡದ ಬಾಡಿಗೆ ಕೋಣೆಯಲ್ಲಿ ಫೋನ್ ಹಿಡಿದುಕೊಂಡು ಎಂತ ಹೇಳಲಿ?

ಎರಡನೆಯದು, ಅಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ನನ್ನ ಬ್ಯಾಗ್ ಒಂದು ಮನೆಯ ಅಂಗಳಕ್ಕೆ ಹೋದರೆ ಸಾಕು, ಸಂಜೆಯೊಳಗೆ ಇಡೀ ವಾರ್ಡಿಗೆ ಸುದ್ದಿ. ಆದರೆ ಮನೆಯವರು ಬಾಗಿಲಲ್ಲೇ ತಡೆದು ‘ಅವರಿಗೆ ಕ್ಯಾನ್ಸರ್ ಅಂತ ಹೇಳಬೇಡಿ, ಗ್ಯಾಸ್ಟ್ರಿಕ್ ಅಂತ ಹೇಳಿದ್ದೇವೆ’ ಅನ್ನುತ್ತಾರೆ. ಇಲ್ಲಿಯೂ ಇದೇ ಕತೆ, ಅಲ್ಲಿ ಇನ್ನೂ ಜಾಸ್ತಿ ಅಂತ ಕೇಳಿದ್ದೇನೆ. ಮಲಯಾಳ ಮಾತಾಡುತ್ತೇನೆ, ಓದುತ್ತೇನೆ, ಬರೆಯುವುದು ನಿಧಾನ.

ಇಂಥ ಕಡೆ ಕೆಲಸ ಮಾಡಿದವರು ಯಾರಾದರೂ ಇದ್ದೀರಾ? ಧೈರ್ಯ ತುಂಬುವ ಮಾತು ಬೇಡ, ಅದು ಮನೆಯಲ್ಲಿ ಬೇಕಾದಷ್ಟು ಸಿಕ್ಕಿದೆ. ಮೊದಲ ವಾರ ಏನು ಮಾಡಬೇಕು ಅಂತ ಹೇಳಿ.

ಹೊಳೆಯಾಚೆ ನರ್ಸ್

ತಂಗೀ, ನಾನು ಹೊಳೆ ದಾಟಿ ಹೋಗುವ ಕುದುರುಗಳಲ್ಲಿ ವರ್ಷಗಟ್ಟಲೆ ಈ ಕೆಲಸ ಮಾಡಿದವಳು. ನಿನ್ನಷ್ಟು ದೊಡ್ಡ ದ್ವೀಪ ಅಲ್ಲ, ಆದರೆ ರಾತ್ರಿ ದೋಣಿ ಇಲ್ಲ ಅನ್ನುವುದರಲ್ಲಿ ವ್ಯತ್ಯಾಸ ಇಲ್ಲ.

ಒಂದು ಮಾತು ಮೊದಲೇ ತಿಳಿದುಕೋ. ರಾತ್ರಿ ಅಲ್ಲಿ ನರ್ಸ್ ನೀನಲ್ಲ. ಆ ಮನೆಯ ಸೊಸೆಯೋ ಮಗಳೋ ನರ್ಸ್. ನಿನ್ನ ಹಗಲಿನ ಕೆಲಸದ ಮುಕ್ಕಾಲು ಪಾಲು ಅವಳನ್ನು ತಯಾರು ಮಾಡುವುದು. ಉಳಿದ ಕಾಲು ಪಾಲು ಡ್ರೆಸ್ಸಿಂಗ್, ಟ್ಯೂಬ್ ಇತ್ಯಾದಿ. ಇದನ್ನು ತಿರುಗಾಮುರುಗಾ ಮಾಡಿದರೆ, ನೀನು ಬಂದಾಗ ಎಲ್ಲ ಚೆನ್ನಾಗಿರುತ್ತದೆ, ನೀನು ಕಡವು ದಾಟಿದ ಮೇಲೆ ಎಲ್ಲ ಕೈ ಬಿಟ್ಟು ಹೋಗುತ್ತದೆ.

ಹಾಗಾಗಿ ಮೊದಲ ಭೇಟಿಯಲ್ಲಿ ರೋಗಿಯನ್ನು ನೋಡಿದಷ್ಟೇ ಮನೆಯನ್ನೂ ನೋಡು. ಜೋರಾಗಿ ಮಾತಾಡುವವರು ಒಬ್ಬರು ಇದ್ದೇ ಇರುತ್ತಾರೆ, ಗಲ್ಫಿನಿಂದ ರಜೆಗೆ ಬಂದ ಮಗ, ಇಲ್ಲ ದೂರದ ಮಾವ. ಅವರು ನಾಳೆ ಇರುವುದಿಲ್ಲ. ಒಳಗೆ ಬಾಗಿಲ ಸಂದಿಯಲ್ಲಿ ನಿಂತು ಎಲ್ಲ ಕೇಳಿಸಿಕೊಳ್ಳುವವರು ಯಾರು ಅಂತ ನೋಡು. ನನ್ನ ಒಂದು ಮನೆಯಲ್ಲಿ ಅದು ಪ್ಲಸ್ ಟು ಓದುವ ಮೊಮ್ಮಗಳು. ಅಜ್ಜನಿಗೆ ಟ್ಯೂಬಿನಲ್ಲಿ ಗಂಜಿ ತೆಳಿ ಕೊಡುವಾಗ ತಲೆ ಎತ್ತರಿಸುವುದು, ತೆಳಿ ಚೆನ್ನಾಗಿ ಸೋಸುವುದು, ಕೊಟ್ಟ ಮೇಲೆ ಸಿರಿಂಜಿನಲ್ಲಿ ನೀರು ಬಿಟ್ಟು ಟ್ಯೂಬ್ ತೊಳೆಯುವುದು, ಕೂಡಲೇ ಮಲಗಿಸದೆ ಇರುವುದು, ಎಲ್ಲ ಒಂದೇ ಸಲಕ್ಕೆ ಕಲಿತಳು. ಮನೆಯ ದೊಡ್ಡವರಿಗೆ ಸಿರಿಂಜ್ ಮುಟ್ಟಲೂ ಹೆದರಿಕೆ.

ಇನ್ನು ನೋವಿನ ಮಾತ್ರೆ. ಜೋರು ನೋವಿಗೆ ಕೊಡುವ ಮಾರ್ಫಿನ್ (ಅಫೀಮಿನಿಂದ ಮಾಡುವ ಔಷಧಿ) ಮಾತ್ರೆ ಡಾಕ್ಟರು ನಾಲ್ಕು ಗಂಟೆಗೊಮ್ಮೆ ಅಂತ ಬರೆದರೆ ಗಡಿಯಾರ ನೋಡಿಯೇ ಕೊಡಬೇಕು. ನೋವು ಬಂದ ಮೇಲೆ ಕೊಡುತ್ತೇವೆ ಅಂದರೆ ನೋವಿನ ಹಿಂದೆ ಓಡುವುದೇ ಆಗುತ್ತದೆ. ನಮ್ಮವರು ‘ಈಗ ನೋವಿಲ್ಲವಲ್ಲ, ಸುಮ್ನೆ ಯಾಕೆ’ ಅಂತ ಉಳಿಸಿಡುತ್ತಾರೆ. ಎಲ್ಲರೂ ಮಾಡುವುದು ಇದನ್ನೇ. ಮಧ್ಯೆ ನೋವು ಎದ್ದರೆ ಕೊಡುವ ಹೆಚ್ಚುವರಿ ಡೋಸ್ ಎಷ್ಟು ಅಂತ ಡಾಕ್ಟರ ಕೈಯಲ್ಲಿ ಮೊದಲೇ ಬರೆಸಿಕೋ. ರಾತ್ರಿ ಫೋನ್ ಬಂದಾಗ ನೀನು ಹೊಸದಾಗಿ ಏನೂ ಹೇಳುವ ಹಾಗಿರಬಾರದು. ‘ಪುಸ್ತಕ ತೆಗೀರಿ, ಮೂರನೇ ಪುಟ ನೋಡಿ’ ಅಷ್ಟೇ.

ಆ ಪುಸ್ತಕದ ವಿಷಯ. ನೂರು ಪುಟದ ಶಾಲೆ ನೋಟ್‌ಬುಕ್ ಸಾಕು. ಓದಲು ಬಾರದವರ ಮನೆಯಲ್ಲಿ ನಾನು ಚಿತ್ರ ಬಿಡಿಸುತ್ತೇನೆ, ಬೆಳಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರ, ಪಕ್ಕದಲ್ಲಿ ಅದೇ ಮಾತ್ರೆಯ ಖಾಲಿ ಹಾಳೆ ಕತ್ತರಿಸಿ ಅಂಟಿಸುತ್ತೇನೆ. ನೋವು ಎಷ್ಟು ಅಂತ ಕೇಳುವಾಗ ಕೋರ್ಸಿನಲ್ಲಿ ಕಲಿಸಿದ ಸೊನ್ನೆಯಿಂದ ಹತ್ತು ಹಳಬರ ಹತ್ತಿರ ನಡೆಯುವುದಿಲ್ಲ. ‘ರೂಪಾಯಿಗೆ ಎಷ್ಟಾಣೆ ನೋವು ಅಜ್ಜ?’ ಅಂತ ಕೇಳು. ‘ನಿನ್ನೆ ಹನ್ನೆರಡಾಣೆ ಇತ್ತು, ಇವತ್ತು ನಾಲ್ಕಾಣೆ’ ಅಂತ ಕರಾರುವಾಕ್ಕಾಗಿ ಹೇಳುತ್ತಾರೆ.

ಮಾರ್ಫಿನ್ ಜೊತೆ ಹೊಟ್ಟೆ ಸಡಿಲ ಮಾಡುವ ಮಾತ್ರೆ ಇರಲೇಬೇಕು. ಮಲಬದ್ಧತೆ ಆಗಿಯೇ ಆಗುತ್ತದೆ, ದಿನ ಕಳೆದರೂ ಹೋಗುವುದಿಲ್ಲ. ವಾಂತಿ, ತೂಕಡಿಕೆ ಮೊದಲ ಕೆಲವು ದಿನ, ಆಮೇಲೆ ಸಾಮಾನ್ಯವಾಗಿ ತಗ್ಗುತ್ತದೆ. ಎಬ್ಬಿಸಿದರೂ ಏಳದಷ್ಟು ಮಂಪರು, ಕೈಕಾಲು ಸೆಟೆದು ಅದುರುವುದು, ಉಸಿರು ತೀರಾ ನಿಧಾನ ಆಗುವುದು ಕಂಡರೆ ಮುಂದಿನ ಡೋಸ್ ಕೊಡದೆ ಕೂಡಲೇ ಫೋನ್ ಮಾಡಿ ಅಂತ ದಪ್ಪ ಅಕ್ಷರದಲ್ಲಿ ಬರೆದಿಡು.

ಕಾಯಲೇಬಾರದ್ದು ಕೆಲವು ಉಂಟು. ಬೆನ್ನು ನೋವು ಇದ್ದ ಕ್ಯಾನ್ಸರ್ ರೋಗಿಗೆ ಹಠಾತ್ತನೆ ಎರಡೂ ಕಾಲು ಸೋತರೆ, ಮೂತ್ರ ಕಟ್ಟಿದರೆ, ಬೆಳಗಿನ ಬೋಟು ಬರಲಿ ಅಂತ ಕೂರುವುದು ಬೇಡ. ಬೆನ್ನುಹುರಿ ಒತ್ತಿರಬಹುದು. ಅದೇ ದಿನ ಚಿಕಿತ್ಸೆ ಸಿಕ್ಕಿದರೆ ಕಾಲು ಉಳಿಯಬಹುದು, ತಡವಾದರೆ ಉಳಿದ ದಿನವೆಲ್ಲ ಹಾಸಿಗೆ. ಇದಕ್ಕೆ ಮೀನಿನ ದೋಣಿಯವರನ್ನು ಎಬ್ಬಿಸು. ಅವರು ಹೇಗೂ ನಸುಕಿಗೆ ಎದ್ದಿರುತ್ತಾರೆ, ನೀರು ಏರುವುದು ಇಳಿಯುವುದು ಅವರಿಗೆ ಗೊತ್ತು. ಮೊದಲ ವಾರ ಎಂತ ಮಾಡಬೇಕು ಅಂತ ಕೇಳಿದೆಯಲ್ಲ, ಇದೇ ಮಾಡು. ಪ್ರತಿ ಕಡವಿನಲ್ಲಿ ಮೋಟಾರ್ ದೋಣಿ ಇರುವ ಇಬ್ಬರ ನಂಬರ್ ತೆಗೆದುಕೋ. ಒಬ್ಬರದ್ದು ಸಾಲದು, ಒಬ್ಬ ಸಮುದ್ರದಲ್ಲಿರುತ್ತಾನೆ. ಆಶಾ ಕಾರ್ಯಕರ್ತೆಯ ಜೊತೆಗೇ ಹೋಗು, ಅವಳು ಪರಿಚಯ ಮಾಡಿಸಿದರೆ ಜನ ನಂಬುತ್ತಾರೆ.

ಕುತ್ತಿಗೆಯಲ್ಲಿ, ಬಾಯಲ್ಲಿ ದೊಡ್ಡ ಗಡ್ಡೆ ಇರುವವರ ಮನೆಯಲ್ಲಿ ಕಪ್ಪು ಅಥವಾ ಕಡು ಬಣ್ಣದ ಎರಡು ಟವೆಲ್ ಮಂಚದ ಕೆಳಗೆ ಇಡಿಸು. ರಕ್ತನಾಳ ಒಡೆದರೆ ಬಿಳಿ ಬಟ್ಟೆಯ ಮೇಲೆ ರಕ್ತ ನೋಡಿಯೇ ಮನೆಯವರು ಎಚ್ಚರ ತಪ್ಪುತ್ತಾರೆ. ಯಾಕೆ ಇಡುತ್ತೇವೆ ಅಂತ ಒಬ್ಬರಿಗೆ ಮಾತ್ರ, ಬದಿಗೆ ಕರೆದು ಹೇಳು. ಎಲ್ಲರಿಗೂ ಹೇಳಬೇಡ.

ಆಟಿ ತಿಂಗಳ ಮಳೆ ಶುರುವಾಗುವ ಮೊದಲು ಗಾಯಕ್ಕೆ ಇಡುವ ಗಾಜ್ ಬಟ್ಟೆ, ಯೂರಿನ್ ಬ್ಯಾಗ್, ಮಾತ್ರೆ ಲೆಕ್ಕ ಹಾಕಿ ಸ್ವಲ್ಪ ಜಾಸ್ತಿ ಕೇಳಿ ಇಟ್ಟುಕೋ. ಕೊಡುವುದಿಲ್ಲ ಅನ್ನುತ್ತಾರೆ. ಪುನಃ ಕೇಳು.

ಉಪ್ಪಳ ಗೇಟ್

ನಾನು ನರ್ಸ್ ಅಲ್ಲ. ರೋಗಿಯ ಮಗ. ಆ ಕಡೆಯ ಮಾತೂ ಒಂದು ಇರಲಿ ಅಂತ ಬರೆಯುತ್ತಿದ್ದೇನೆ.

ಅಪ್ಪನಿಗೆ ನಾಲಗೆಯ ಕ್ಯಾನ್ಸರ್. ಎಲೆ ಅಡಿಕೆ, ಹೊಗೆಸೊಪ್ಪು, ನಮ್ಮ ಕಡೆ ಹೊಸ ವಿಷಯ ಅಲ್ಲವಲ್ಲ. ಗಡಿ ದಾಟಿ ದೊಡ್ಡ ಆಸ್ಪತ್ರೆಯೊಂದರಲ್ಲಿ ಆಪರೇಷನ್, ರೇಡಿಯೇಷನ್ ಎಲ್ಲ ಆಯಿತು. ಪುನಃ ಬಂದಾಗ ‘ಇನ್ನು ಮಾಡುವುದಕ್ಕೆ ಏನೂ ಇಲ್ಲ, ಮನೆಗೆ ಕರ್ಕೊಂಡು ಹೋಗಿ’ ಅಂದರು. ಕೈಗೆ ದಪ್ಪದ ಫೈಲ್ ಕೊಟ್ಟರು. ನೋವಿಗೆ ಸಾಧಾರಣ ಮಾತ್ರೆ. ಮನೆಯಲ್ಲಿ ಯಾರನ್ನು ಕೇಳಬೇಕು, ಊರಲ್ಲಿ ಪಾಲಿಯೇಟಿವ್ ಅಂತ ಒಂದು ಉಂಟು, ಒಂದು ಮಾತೂ ಹೇಳಲಿಲ್ಲ. ಮಾಡುವುದಕ್ಕೆ ಏನೂ ಇಲ್ಲ ಅಂದದ್ದು ಇವತ್ತಿಗೂ ಸಿಟ್ಟು ಬರುತ್ತದೆ, ಯಾಕೆಂದರೆ ಆಮೇಲೆ ಬಂದ ಪಂಚಾಯತ್ ನರ್ಸ್ ಅಕ್ಕ ಮಾಡಿದ್ದು ಒಂದೆರಡಲ್ಲ.

ಮುಖ್ಯ ವಾಸನೆ. ಕೆನ್ನೆ ತೂತಾಗಿ ಹುಣ್ಣು ಕೊಳೆತು ಬರುವ ವಾಸನೆ ಗೊತ್ತಿದ್ದವರಿಗೆ ಗೊತ್ತು. ಅಮ್ಮ ಬಿಟ್ಟರೆ ಯಾರೂ ಕೋಣೆಗೆ ಬರುತ್ತಿರಲಿಲ್ಲ. ನಾನೂ ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಹೋಗುತ್ತಿದ್ದೆ, ಅಪ್ಪ ಅದನ್ನು ನೋಡುತ್ತಿದ್ದರು. ಅಕ್ಕ ಬಂದು ಕುದಿಸಿ ಆರಿಸಿದ ಉಪ್ಪು ನೀರಿನಲ್ಲಿ ಹುಣ್ಣು ತೊಳೆದು, ಮೆಟ್ರೊನಿಡಜೋಲ್ ಮಾತ್ರೆ ನುಣ್ಣಗೆ ಪುಡಿ ಮಾಡಿ ಉದುರಿಸಿದರು. ಅಮ್ಮನಿಗೂ ಕಲಿಸಿದರು. ಕೆಲವೇ ದಿನದಲ್ಲಿ ವಾಸನೆ ತುಂಬ ಕಡಿಮೆಯಾಯಿತು. ಅಪ್ಪನ ಜೊತೆ ಮೀನಿಗೆ ಹೋಗುತ್ತಿದ್ದವರು ಒಳಗೆ ಬಂದು ಮಂಚದ ಹತ್ತಿರ ಕೂತು ಬಂಗುಡೆ ರೇಟು, ಬೂತಾಯಿ ರೇಟು, ಯಾರ ಬಲೆ ಹರಿಯಿತು ಅಂತ ಮಾತು ಶುರು ಮಾಡಿದರು. ಅಪ್ಪನಿಗೆ ಮಾತಾಡಲು ಆಗುತ್ತಿರಲಿಲ್ಲ, ಸ್ಲೇಟಿನಲ್ಲಿ ಬರೆದು ಚೌಕಾಸಿ ಮಾಡುತ್ತಿದ್ದರು.

ಒಂದು ವಿನಂತಿ ಮಾತ್ರ. ದೊಡ್ಡ ಬೋರ್ಡ್ ಹಾಕಿದ ಜೀಪನ್ನು ಅಂಗಳದ ತನಕ ತರಬೇಡಿ. ನಿಮ್ಮಲ್ಲಿ ದೋಣಿಯಾದ್ದರಿಂದ ಬ್ಯಾಗಿನ ಮೇಲೆ ಬರೆದಿರುತ್ತದೆ ಅಂತ ಕಾಣುತ್ತದೆ. ಮಾಮೂಲಿ ಬ್ಯಾಗ್ ಹಿಡಿದು ಹೋಗಿ. ಬಿಪಿ ನೋಡುವ ನೆಪದಲ್ಲಿ ಅಕ್ಕಪಕ್ಕದ ಎರಡು ಮನೆಗೂ ಹೊಕ್ಕು ಬನ್ನಿ, ಆಗ ಯಾರ ಮನೆಗೆ ಬಂದದ್ದು ಅಂತ ಗುಲ್ಲು ಏಳುವುದಿಲ್ಲ.

ಬದಿಯಡ್ಕ ಮೇಷ್ಟ್ರು

ಶಾಲೆಯಿಂದ ನಿವೃತ್ತಿಯಾದ ಮೇಲೆ ವಾಲಂಟಿಯರ್ ಆಗಿ ಹೋಗುತ್ತಿದ್ದೇನೆ. ನಮ್ಮ ಕೇರಳದಲ್ಲಿ ಈ ಕೆಲಸ ಬೆಳೆದದ್ದೇ ಹೀಗೆ, ಊರಿನವರ ಕೈಯಿಂದ. 1993ರಲ್ಲಿ ಕೋಯಿಕ್ಕೋಡಿನಲ್ಲಿ ಪೇನ್ ಅಂಡ್ ಪಾಲಿಯೇಟಿವ್ ಕೇರ್ ಸೊಸೈಟಿ ಶುರುವಾಯಿತು, ಆಮೇಲೆ ಊರೂರಿನ ಮೇಷ್ಟ್ರು, ಆಟೋ ಡ್ರೈವರ್, ಅಂಗಡಿಯವರು ಸೇರಿಕೊಂಡರು, 2008ರಲ್ಲಿ ಸರ್ಕಾರವೇ ಪಾಲಿಯೇಟಿವ್ ನೀತಿ ತಂದಿತು. ದೇಶದಲ್ಲಿ ಹಾಗೆ ನೀತಿ ತಂದ ಮೊದಲ ರಾಜ್ಯ ನಮ್ಮದು. ಪಂಚಾಯತಿಗೊಬ್ಬ ನರ್ಸ್ ಬಂದದ್ದು ಅದರ ಬಲದಿಂದಲೇ. ಇದನ್ನು ಯಾಕೆ ಹೇಳಿದೆ ಅಂದರೆ, ದ್ವೀಪದಲ್ಲಿ ನೀವು ಒಬ್ಬರೇ ಅಂತ ಹೋಗಬೇಡಿ. ಅಲ್ಲಿಯ ಕ್ಲಬ್ಬು, ಕುಟುಂಬಶ್ರೀ ಮಹಿಳಾ ಸಂಘ, ಮಸೀದಿ, ದೇವಸ್ಥಾನದ ಕಮಿಟಿ ಎಲ್ಲದರಲ್ಲಿ ಒಬ್ಬೊಬ್ಬರನ್ನು ಹಿಡಿಯಿರಿ.

ಈಗ ‘ಹೇಳಬೇಡಿ’ ಅನ್ನುವ ವಿಷಯ. ಎಲ್ಲ ಹೇಳಿಬಿಡಬೇಕು ಅನ್ನುವವರೂ ಇದ್ದಾರೆ, ಮನೆಯವರು ಹೇಳಿದ ಹಾಗೆ ನಡೆದುಬಿಡಿ ಅನ್ನುವವರೂ ಇದ್ದಾರೆ. ನನಗೆ ಎರಡೂ ಸರಿ ಕಾಣುವುದಿಲ್ಲ. ಬಾಗಿಲಲ್ಲಿ ತಡೆದ ಮಗನ ಹತ್ತಿರ ವಾದಕ್ಕೆ ನಿಲ್ಲಬೇಡಿ. ‘ನಾನಾಗಿ ಬಾಯಿ ಬಿಡುವುದಿಲ್ಲ. ಆದರೆ ಅವರೇ ನನ್ನನ್ನು ಕೇಳಿದರೆ ಸುಳ್ಳು ಹೇಳಲಾರೆ’ ಅಂತ ಅಷ್ಟೇ ಹೇಳಿ ಒಳಗೆ ಹೋಗಿ. ಒಳಗೆ ಹೋಗಿ ಅವರ ಹತ್ತಿರ ಕೇಳಬೇಕಾದ್ದು ಒಂದೇ, ‘ನಿಮಗೆ ಏನಾಗಿದೆ ಅಂತ ನಿಮಗೆ ಅನ್ನಿಸುತ್ತದೆ?’ ಹತ್ತರಲ್ಲಿ ಏಳೆಂಟು ಜನರಿಗೆ ಗೊತ್ತೇ ಇರುತ್ತದೆ. ರೇಡಿಯೇಷನ್ ಕೋಣೆಯ ಹೊರಗೆ ಕೂತವರೆಲ್ಲ ಯಾರು ಅಂತ ನೋಡಿಯೇ ಬಂದಿರುತ್ತಾರಲ್ಲ. ಅವರು ಸುಮ್ಮನಿರುವುದು ಮಗನಿಗೆ ಬೇಸರ ಆಗದಿರಲಿ ಅಂತ. ಮಗ ಸುಮ್ಮನಿರುವುದು ಅವರಿಗೆ ಬೇಸರ ಆಗದಿರಲಿ ಅಂತ. ಒಂದೇ ಮನೆಯೊಳಗೆ ಇಬ್ಬರೂ ಬೇರೆ ಬೇರೆ ಮೂಲೆಯಲ್ಲಿ ಅಳುತ್ತಾರೆ.

ಒಬ್ಬ ತಾಯಿ, ಬೀಡಿ ಕಟ್ಟಿ ಮಕ್ಕಳನ್ನು ಸಾಕಿದವರು, ನನ್ನ ಹತ್ತಿರ ತುಳುವಿನಲ್ಲಿ ಮೆಲ್ಲಗೆ ಕೇಳಿದರು, ‘ಮೇಷ್ಟ್ರೇ, ಜಾಗದ ಕಾಗದ ಸಣ್ಣವನ ಹೆಸರಿಗೆ ಮಾಡುವಷ್ಟು ದಿನ ಉಂಟಾ?’ ಅವರಿಗೆ ಬೇಕಾದದ್ದು ರೋಗದ ಹೆಸರಲ್ಲ, ರಿಜಿಸ್ಟ್ರಿ ಆಫೀಸಿಗೆ ಹೋಗುವಷ್ಟು ತ್ರಾಣ. ಅದಕ್ಕೆ ಉತ್ತರ ಕೊಡಲು ಸಾಧ್ಯ. ಬೇಗ ಮಾಡಿಸಿ ಅಂತ ಹೇಳಿದೆ. ಮಾಡಿಸಿದರು.

ಕೇಳದವರಿಗೆ ಒತ್ತಾಯ ಮಾಡಿ ಹೇಳುವುದು ಬೇಡ. ಗೊತ್ತಾಗುವುದು ಬೇಡ ಅನ್ನುವುದೂ ಅವರ ಇಷ್ಟವೇ.

ಕುಂಬಳೆಯವಳು

ಹೊಳೆಯಾಚೆ ಅಕ್ಕಾ, ನೀವು ಬರೆದದ್ದನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡೆ. ಮೇಷ್ಟ್ರೇ, ‘ಸುಳ್ಳು ಹೇಳಲಾರೆ’ ಅನ್ನುವ ವಾಕ್ಯ ನನಗೆ ಬೇಕಾಗಿತ್ತು, ಇಷ್ಟು ದಿನ ನಾನು ತಡಬಡಾಯಿಸುತ್ತಿದ್ದೆ. ಉಪ್ಪಳ ಅಣ್ಣಾ, ಬ್ಯಾಗಿನ ಮೇಲಿನ ಸ್ಟಿಕ್ಕರ್ ಇವತ್ತೇ ಕಿತ್ತೆ.

ಇನ್ನೊಂದು ಕೇಳಬೇಕು. ಮಾರ್ಫಿನ್ ಅಂದ ಕೂಡಲೇ ‘ಅದು ಕೊನೆಯ ಮಾತ್ರೆ, ಕೊಟ್ಟರೆ ಹೋಗಿಬಿಡುತ್ತಾರೆ’ ಅನ್ನುತ್ತಾರೆ. ಇಲ್ಲ ಅಂದರೆ ‘ಚಟ ಹಿಡಿಯುತ್ತದೆ’ ಅನ್ನುತ್ತಾರೆ. ಒಂದೇ ಮನೆಯಲ್ಲಿ ಎರಡೂ ಹೇಳಿದವರಿದ್ದಾರೆ! ಮತ್ತೆ ಅಲ್ಲಿ ಹತ್ತಿರದಲ್ಲಿ ಮೆಡಿಕಲ್ ಶಾಪ್ ಇದ್ದರೂ ಅಲ್ಲಿ ಸಿಗುವ ಮಾತ್ರೆ ಇದಲ್ಲ. ಮುಗಿದರೆ ಹೇಗೆ?

ಔಷಧಿ ಕೌಂಟರ್

ಆಸ್ಪತ್ರೆಯ ಫಾರ್ಮಸಿಯಲ್ಲಿ ಕೂರುವವನು ನಾನು, ಈ ಪ್ರಶ್ನೆ ನನಗೆ ಸೇರಿದ್ದು.

ಹಿಂದೆ ನಿಜಕ್ಕೂ ಕಷ್ಟ ಇತ್ತು. 1985ರ ಎನ್‌ಡಿಪಿಎಸ್ ಕಾಯ್ದೆ (ಮಾದಕ ವಸ್ತುಗಳ ನಿಯಂತ್ರಣದ ಕಾನೂನು) ಬಂದ ಮೇಲೆ ಲೈಸೆನ್ಸ್ ಮೇಲೆ ಲೈಸೆನ್ಸ್ ಬೇಕಾಗಿ ಎಷ್ಟೋ ಆಸ್ಪತ್ರೆಗಳು ಮಾರ್ಫಿನ್ ಸಹವಾಸವೇ ಬೇಡ ಅಂತ ಬಿಟ್ಟವು. ಅಫೀಮು ಬೆಳೆಯುವ ದೇಶ ನಮ್ಮದು, ಬೆಳೆದದ್ದು ರಫ್ತಾಗುತ್ತಿತ್ತು, ನಮ್ಮ ಕ್ಯಾನ್ಸರ್ ರೋಗಿಗೆ ಮಾತ್ರೆ ಇಲ್ಲ. 2014ರಲ್ಲಿ ತಿದ್ದುಪಡಿ ಆಯಿತು. ಈಗ ಮಾನ್ಯತೆ ಪಡೆದ ಸಂಸ್ಥೆ, ತರಬೇತಿ ಆದ ಡಾಕ್ಟರು, ಸರಿಯಾದ ರಿಜಿಸ್ಟರ್ ಇದ್ದರೆ ಇಟ್ಟುಕೊಳ್ಳಬಹುದು, ಕೊಡಬಹುದು. ಹಾಗಾಗಿ ಅಂಗಡಿಯಲ್ಲಿ ಹುಡುಕುವುದು ಬೇಡ, ನಿಮ್ಮ ರೋಗಿಯ ಹೆಸರನ್ನು ಪಾಲಿಯೇಟಿವ್ ಒ.ಪಿ.ಯಲ್ಲಿ (ಹೊರರೋಗಿ ವಿಭಾಗ) ಬರೆಸಿ. ಮಂಗಳೂರಿನ ಚೀಟಿ ತಂದವರಿಗೂ ನಾವು ಹೇಳುವುದು ಇದನ್ನೇ. ರೋಗಿಗೆ ಬರಲಾಗದಿದ್ದರೆ ಯಾರು ಬಂದು ತೆಗೆದುಕೊಂಡು ಹೋಗಬಹುದು, ಎಷ್ಟು ದಿನದ್ದು ಕೊಡುತ್ತಾರೆ ಅಂತ ಮೊದಲೇ ಮಾತಾಡಿ. ದ್ವೀಪ, ಮಳೆಗಾಲ ಅಂತ ಡಾಕ್ಟರಿಗೆ ವಿವರವಾಗಿ ಹೇಳಿ. ಮಾತ್ರೆ ಮುಗಿಯುವ ದಿನ ಬರಬೇಡಿ, ಒಂದು ವಾರ ಮೊದಲು ಬನ್ನಿ.

2020ರ ಮಾರ್ಚ್‌ನಲ್ಲಿ ಕೋವಿಡ್ ಅಂತ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿ, ಒಳರಸ್ತೆಗಳಿಗೆ ಮಣ್ಣು ಸುರಿದಾಗ ಮಂಜೇಶ್ವರದಿಂದ ಮಂಗಳೂರಿಗೆ ಹೋಗುವವರೆಲ್ಲ ಸಿಕ್ಕಿಹಾಕಿಕೊಂಡರು, ನೆನಪಿದೆಯಲ್ಲ. ರಸ್ತೆಯ ಮೇಲೇ ಇದ್ದ ನಮಗೂ ದ್ವೀಪದವರ ಪಾಡು ಆಗಲೇ ಗೊತ್ತಾದದ್ದು. ಹತ್ತಿರದಲ್ಲೇ ಹೆಸರು ಬರೆಸಿದ್ದವರಿಗೆ ಮಾತ್ರೆಗಾದರೂ ಅಷ್ಟು ಪರದಾಟ ಆಗಲಿಲ್ಲ.

ಚಟದ ವಿಷಯ: ನೋವಿಗೆ, ಲೆಕ್ಕದಲ್ಲಿ, ಡಾಕ್ಟರ ಕಣ್ಣೆದುರು ಕೊಡುವಾಗ ಆ ಹೆದರಿಕೆ ತೀರಾ ಕಡಿಮೆ. ಆದರೆ ತಿಂಗಳುಗಟ್ಟಲೆ ತೆಗೆದುಕೊಂಡವರಿಗೆ ಹಠಾತ್ತನೆ ನಿಲ್ಲಿಸಬಾರದು, ಇಳಿಸುತ್ತ ಬರಬೇಕು. ಸಾವು ಬೇಗ ಬರುತ್ತದೆ ಅನ್ನುವುದಕ್ಕೆ ಮನೆಯವರಿಗೆ ನಾನು ಕೊಡುವ ಉತ್ತರ: ತಡವಾಗಿ ಶುರು ಮಾಡಿದ್ದರಿಂದ ಹಾಗೆ ಕಾಣುತ್ತದೆ. ಕೊನೆಯ ಎರಡು ದಿನಕ್ಕೆ ಏನು ಕೊಟ್ಟರೂ ಕೊನೆಗೆ ಕೊಟ್ಟದ್ದರ ತಲೆಗೇ ಕಟ್ಟುತ್ತಾರೆ. ಬೇಗ ಶುರು ಮಾಡಿ, ಮಾತ್ರೆ ತಿಂದು ಎದ್ದು ಅಂಗಳದಲ್ಲಿ ಓಡಾಡುವ ಒಬ್ಬರನ್ನು ಊರವರು ನೋಡಿದರೆ ಆ ಮಾತು ನಿಲ್ಲುತ್ತದೆ.

ಡಬ್ಬಿಗೆ ಬೀಗ ಹಾಕಿಸಿ, ಎಣಿಸಿ ಬರೆದಿಡಿ. ರೋಗಿ ತೀರಿಕೊಂಡರೆ ಉಳಿದದ್ದನ್ನು ವಾಪಸ್ ತಂದು ಒಪ್ಪಿಸಿ. ಪಕ್ಕದ ಮನೆಯ ಅಜ್ಜಿಯ ಮೊಣಕಾಲು ನೋವಿಗೆ ಕೊಡುವ ಉದಾರಿಗಳು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ.

ಸುಮ್ನೆ ಕೇಳ್ತೇನೆ

ಎಲ್ಲ ಸರಿ. ಆದರೆ ಇಷ್ಟೆಲ್ಲ ಕಷ್ಟ ಪಡುವುದಕ್ಕಿಂತ ರೋಗಿಯನ್ನು ಈಚೆ ದಡದ ನೆಂಟರ ಮನೆಗೋ ಆಸ್ಪತ್ರೆಗೋ ತಂದು ಇಡುವುದು ಒಳ್ಳೆಯದಲ್ವಾ? ಹಟ ಮಾಡಿ ದ್ವೀಪದಲ್ಲೇ ಇಟ್ಟುಕೊಂಡು ಕೊನೆಗೆ ರಾತ್ರಿ ದೋಣಿ ಹುಡುಕುವುದು ಯಾವ ನ್ಯಾಯ? ಸಿಟ್ಟು ಮಾಡಬೇಡಿ.

ಹೊಳೆಯಾಚೆ ನರ್ಸ್

ಸಿಟ್ಟೆಂತದ್ದು ಮಾರಾಯ್ರೆ, ನಾನೂ ಕೆಲವರಿಗೆ ಹಾಗೇ ಹೇಳುತ್ತೇನೆ. ಮನೆಯಲ್ಲಿ ನೋಡುವವರೇ ಇಲ್ಲದಿದ್ದರೆ, ಉಸಿರಾಟ ಹತೋಟಿಗೆ ಬಾರದಿದ್ದರೆ, ರಕ್ತಸ್ರಾವದ ಹೆದರಿಕೆ ಜೋರಾಗಿದ್ದರೆ ಈಚೆ ತರುವುದೇ ಒಳ್ಳೆಯದು. ಆದರೆ ನೆಂಟರ ಮನೆ ಅಂದಿರಲ್ಲ, ಹಾಸಿಗೆ ಹಿಡಿದವರನ್ನು ಯಾವ ನೆಂಟರು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ? ಜೊತೆಗೆ ಬಂದ ಹೆಂಡತಿಗೆ ಅಲ್ಲಿ ಅಡುಗೆ ಕೋಣೆ ಅವಳದ್ದಲ್ಲ. ಮನೆಯಲ್ಲಿ ಕೋಳಿ, ದನ, ಶಾಲೆಗೆ ಹೋಗುವ ಮಕ್ಕಳು. ವಾರಕ್ಕೆ ಜಗಳ.

ಮತ್ತೆ, ಕೊನೆಯ ದಿನಗಳಲ್ಲಿ ಹೆಚ್ಚಿನವರಿಗೆ ಬೇಕಾದ್ದು ಮನೆ. ಒಬ್ಬರನ್ನು ನಾವು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಕುರ್ಚಿಗೆ ಬೈರಾಸು (ಟವೆಲ್) ಕಟ್ಟಿ, ನಾಲ್ಕು ಜನ ಹಿಡಿದು ದೋಣಿಗೆ ಇಳಿಸಿ ವಾಪಸ್ ಕರೆದುಕೊಂಡು ಹೋದೆವು. ಆಸ್ಪತ್ರೆಯಲ್ಲಿ ಮೂರು ದಿನ ಬಾಯಿ ಮುಚ್ಚಿಕೊಂಡಿದ್ದವರು ಹೊಳೆ ಮಧ್ಯ ಬಂದ ಕೂಡಲೇ ದೋಣಿಯವನಿಗೆ ‘ನೀರು ಇಳಿಯುತ್ತಾ ಉಂಟು, ಬಲಕ್ಕೆ ತಗೋ, ಅಲ್ಲಿ ಮರಳು’ ಅಂತ ಜೋರು ಮಾಡಿದರು!

ತರುವುದಾದರೆ ಹಗಲಲ್ಲಿ, ಯೋಚನೆ ಮಾಡಿ ತರಬೇಕು. ಮಧ್ಯರಾತ್ರಿ ಗಾಬರಿಯಲ್ಲಿ ಹೊರಡಿಸಿದವರಲ್ಲಿ ಕೆಲವರು ದೋಣಿಯಲ್ಲೇ ಹೋಗಿದ್ದಾರೆ. ಅದಕ್ಕೇ ತಂಗೀ, ‘ಗಂಟಲಲ್ಲಿ ಗೊರಗೊರ ಸದ್ದು ಬರುತ್ತದೆ, ಅವರಿಗೆ ಅದರಿಂದ ಅಷ್ಟು ತೊಂದರೆ ಇರಲಿಕ್ಕಿಲ್ಲ, ಮಗ್ಗುಲಾಗಿ ಮಲಗಿಸಿ’, ‘ಊಟ ಬೇಡ ಅಂದರೆ ತುರುಕಬೇಡಿ, ತುಟಿ ಒದ್ದೆ ಮಾಡಿ ಸಾಕು’ ಅಂತೆಲ್ಲ ಸಾಯುವ ವಾರಕ್ಕೆ ಮೊದಲೇ ಹೇಳಿರಬೇಕು. ‘ಉಪವಾಸ ಹಾಕಿ ಕೊಲ್ಲುತ್ತೀರಾ’ ಅಂತ ಕೇಳುವ ನೆಂಟರು ಬಂದೇ ಬರುತ್ತಾರೆ. ಅವರಿಗೆ ಉತ್ತರ ಕೊಡುವ ಧೈರ್ಯ ಆ ಸೊಸೆಗೆ ಬರಬೇಕಾದರೆ ನೀನು ಅವಳ ಪರ ನಿಂತು ಎಲ್ಲರೆದುರು ಒಮ್ಮೆ ಹೇಳಿರಬೇಕು.

ಎಣ್ಮಕಜೆ ಅಕ್ಕ

ಎಲ್ಲರೂ ರೋಗಿಯ ಬಗ್ಗೆ ಬರೆದರು, ಸಂಬಳದ ಬಗ್ಗೆ ಯಾರೂ ಬರೆಯಲಿಲ್ಲ.

ಗುತ್ತಿಗೆ ಅಂದಿರಿ. ಒಪ್ಪಂದದಲ್ಲಿ ದೋಣಿ ಖರ್ಚು ಯಾರದ್ದು ಅಂತ ಬರೆದಿದೆಯಾ ನೋಡಿ. ನಾನು ಮೊದಲು ಕೆಲಸ ಮಾಡಿದ ಕಡೆ ಸಂಬಳ ತಿಂಗಳುಗಟ್ಟಲೆ ತಡ, ಪ್ರಯಾಣದ ಬಿಲ್ಲು ಕೇಳಿದರೆ ‘ಫಂಡ್ ಬಂದಿಲ್ಲ’. ಸೇವೆ ಸೇವೆ ಅಂತ ಹೊಗಳಿ ಜನವರಿ 15ರ ಪಾಲಿಯೇಟಿವ್ ದಿನಕ್ಕೆ ಶಾಲು ಹೊದಿಸುತ್ತಾರೆ. ಶಾಲಿನಲ್ಲಿ ಬಾಡಿಗೆ ಕಟ್ಟಲು ಆಗುತ್ತದಾ? ಕಾಗದದ ಮೇಲೆ ಕೇಳಿ, ನಾಚಿಕೆ ಬೇಡ.

ನಿಮ್ಮ ಪಟ್ಟಿಯಲ್ಲಿ ಕ್ಯಾನ್ಸರ್ ಮಾತ್ರ ಇರುವುದಿಲ್ಲ, ಅದೂ ಗೊತ್ತಿರಲಿ. ಪಾರ್ಶ್ವವಾಯು, ತೆಂಗಿನ ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಇಲ್ಲದವರು, ಕಿಡ್ನಿ ಹೋದವರು, ಸುಮ್ನೆ ವಯಸ್ಸಾಗಿ ಮಲಗಿದವರು. ನಮ್ಮ ಕಡೆ ಗೇರು ತೋಟಕ್ಕೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ್ದು 2000ದ ಹೊತ್ತಿಗೆ ನಿಂತಿತು, ಸುಪ್ರೀಂ ಕೋರ್ಟು 2011ರಲ್ಲಿ ನಿಷೇಧ ಹೇಳಿತು. ಅದರ ಸಂತ್ರಸ್ತರ ಪಟ್ಟಿಯಲ್ಲಿದ್ದ ಮಕ್ಕಳು ಈಗ ದೊಡ್ಡವರು, ಎತ್ತಿ ತಿರುಗಿಸುವ ಅಮ್ಮಂದಿರು ಮುದುಕಿಯರು. ಕ್ಯಾನ್ಸರಿನವರಿಗೆ ನೀವು ಕೆಲವು ತಿಂಗಳು ಹೋಗುತ್ತೀರಿ. ಇಂಥ ಮನೆಗೆ ಇಪ್ಪತ್ತು ವರ್ಷ. ಆಯಾಸ ಬೇರೆ ಥರದ್ದು. ಅಮ್ಮನ ಬೆನ್ನು ನೋವಿಗೂ ಮುಲಾಮು ಇಟ್ಟುಕೊಂಡು ಹೋಗಿ.

ನಿಮ್ಮ ಮನಸ್ಸಿನ ವಿಷಯ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಸಣ್ಣ ಊರಿನಲ್ಲಿ ಸತ್ತವರ ಮನೆಯ ಎದುರಿನಿಂದಲೇ ನಾಳೆಯೂ ನಡೆದು ಹೋಗಬೇಕು. ಕಣ್ಣು ತಪ್ಪಿಸಿಕೊಂಡು ಹೋದರೆ ಅವರಿಗೂ ಕಷ್ಟ, ನಿಮಗೂ ಕಷ್ಟ. ಬೊಜ್ಜ (ಉತ್ತರಕ್ರಿಯೆ) ಕಳೆದ ಮೇಲೆ, ನೆಂಟರೆಲ್ಲ ಹೋದ ಮೇಲೆ ಒಮ್ಮೆ ಹೋಗಿ ಚಾ ಕುಡಿದು ಬನ್ನಿ. ಮಂಚದ ಏರ್ ಬೆಡ್ ವಾಪಸ್ ತರುವ ಕೆಲಸ ಹೇಗೂ ಇರುತ್ತದಲ್ಲ, ಅದಕ್ಕಿಂತ ಒಳ್ಳೆಯ ನೆಪ ಬೇಡ. ಆದರೆ ಎಲ್ಲ ಮನೆಯ ಸಾವನ್ನೂ ತಲೆಯಲ್ಲಿ ಹೊತ್ತುಕೊಂಡು ಮಲಗಬೇಡಿ. ಮಾತಾಡಲು ಇನ್ನೊಬ್ಬ ನರ್ಸ್ ಇರಲಿ. ಗಂಡನಿಗೆ, ಅಮ್ಮನಿಗೆ ಹೇಳಿದರೆ ಕೆಲಸ ಬಿಡು ಅನ್ನುತ್ತಾರೆ ಅಷ್ಟೇ.

ಕುಂಬಳೆಯವಳು

ಅಕ್ಕಾ, ಒಪ್ಪಂದ ತೆಗೆದು ನೋಡಿದೆ. ದೋಣಿ ಖರ್ಚಿನ ಸುದ್ದಿಯೇ ಇಲ್ಲ. ಸೋಮವಾರ ಅರ್ಜಿ ಬರೆದುಕೊಂಡೇ ಹೋಗುತ್ತೇನೆ. ಆಶಾ ಕಾರ್ಯಕರ್ತೆಯೊಬ್ಬರ ನಂಬರ್ ಸಿಕ್ಕಿತು, ಫೋನಿನಲ್ಲಿ ಮಾತಾಡಿದೆ. ಮೊದಲು ಕೇಳಿದ್ದೇ ‘ದೋಣಿಯಲ್ಲಿ ವಾಂತಿ ಆಗುತ್ತದಾ ನಿಮಗೆ?’ ಅಂತ.

ಹೊಳೆಯಾಚೆ ಅಕ್ಕಾ, ಗಾಜ್ ಬಟ್ಟೆ ಮುಗಿದರೆ ಹಳೆಯ ಕಾಟನ್ ಮುಂಡು ಕತ್ತರಿಸಿ ಕುಕ್ಕರಿನಲ್ಲಿ ಹಬೆ ಕೊಟ್ಟರೆ ನಡೆಯುತ್ತದಾ?

ಹೊಳೆಯಾಚೆ ನರ್ಸ್

ನಡೆಯುತ್ತದೆ, ಎಷ್ಟೋ ಮನೆಯಲ್ಲಿ ಅದೇ ಮಾಡುತ್ತಾರೆ. ಮೊದಲು ಚೆನ್ನಾಗಿ ಒಗೆದು ಬಿಸಿಲಲ್ಲಿ ಒಣಗಿಸಿ, ಮಡಚಿ, ಬಟ್ಟೆಯಲ್ಲೇ ಕಟ್ಟಿ ಮುಚ್ಚಳ ಸಡಿಲ ಇರುವ ಡಬ್ಬಿಯಲ್ಲಿಟ್ಟು ಹಬೆ ಕೊಡಬೇಕು. ನೀರು ಒಳಗೆ ಹೋಗಬಾರದು. ತೆಗೆದ ಮೇಲೆ ಒದ್ದೆ ಇದ್ದರೆ ಉಪಯೋಗಿಸಬೇಡ, ಪುನಃ ಮಾಡು. ಅಡುಗೆಯ ಕುಕ್ಕರ್ ಬೇಡ, ಬೇರೆಯೇ ಒಂದು ಇಡಲಿ, ಇಲ್ಲದಿದ್ದರೆ ಅತ್ತೆ ಸೊಸೆಗೆ ಅದೇ ಜಗಳ.